ಪಟ್ಟೆ ಬೆಟ್ಟಗಳ ರೈಲು

ನನ್ನ ಮಾವನಿಗೆ ಅವರ ಬೀದಿಯಲ್ಲಿ ‘ನಾಲ್ಕು ಬೆರಳು’ ಎಂದು ಹೆಸರು. ಮದುವೆ ಗೊತ್ತಾಗುವ ಮುಂಚೆಯೇ ಇದು ನನ್ನ ಕಿವಿಗೆ ಬಿದ್ದಿತ್ತು. ಮೊದಲ ಸಲ ಅವರ ಮನೆಗೆ ಹೋದಾಗ ಅವರು ಟೀ ಲೋಟ ಚಾಚಿದ ಕೂಡಲೇ ನನ್ನ ಕಣ್ಣು ಅವರ ಕೈಗೇ ಹೋಯಿತು. ಒಂದು ಕೈ ಸರಿಯಾಗಿತ್ತು. ಇನ್ನೊಂದು ಬೆನ್ನ ಹಿಂದೆ ಇತ್ತು. ಅವರು ಅದನ್ನೂ ಮುಂದಕ್ಕೆ ತಂದು ಅಗಲಿಸಿ ತೋರಿಸಿದರು.

“ಪೂರ್ತಿ ಇವೆ ಕಣಮ್ಮ. ಬೇಕಾದ್ರೆ ಎಣಿಸ್ಕೊ.”

ನನಗೆ ನಾಚಿಕೆಯಿಂದ ಟೀ ನೆತ್ತಿಗೇರಿತು. ಅವರು ನಗುತ್ತಾ ನೀರು ತಂದುಕೊಟ್ಟರು.

ಮಾವ ಹಾಸಿಗೆ ಹೊಲಿಯುವವರು. ಮಂಚದ ಅಳತೆ ಎಷ್ಟಿದ್ದರೂ ಬಟ್ಟೆಯನ್ನು ಸುತ್ತಲೂ ನಾಲ್ಕು ಬೆರಳು ಹೆಚ್ಚಿಗೆ ಕತ್ತರಿಸಬೇಕು. ಹತ್ತಿ ತುಂಬಿದ ಮೇಲೆ ಬಟ್ಟೆ ಉಬ್ಬಿ, ಅಂಚು ಒಳಕ್ಕೆ ಸರಿದು, ಹಾಸಿಗೆ ಮಂಚಕ್ಕೆ ಸರಿಯಾಗಿ ಕೂರುತ್ತದೆ. ಹಾಗೆ ಬಿಡದೆ ಹೊಲಿದ ಹಾಸಿಗೆ ಮೋಟು ಅಂಗಿಯ ಹಾಗೆ ಕಾಣುತ್ತದೆ ಎನ್ನುತ್ತಿದ್ದರು. ಅಂಗಡಿಯಲ್ಲಿ ಕೆಲಸ ಕಲಿತವರೆಲ್ಲ ದಿನವಿಡೀ ಕೇಳಿದ್ದು ಅದೊಂದೇ ಮಾತು: “ನಾಲ್ಕು ಬೆರಳು ಬಿಡೋ! ನಾಲ್ಕು ಬೆರಳು!” ಹೆಸರು ಅಲ್ಲಿಂದ ಅಂಟಿಕೊಂಡಿತು. ಅಂಚೆಯವನೂ ಹಾಗೇ ಕೂಗಿ ಕಾಗದ ಎಸೆಯುತ್ತಿದ್ದನಂತೆ.

ಆ ಅಂಗಡಿ ರೈಲಿನ ಡಬ್ಬಿಯ ಹಾಗೆ ಉದ್ದಕ್ಕೆ, ಇಕ್ಕಟ್ಟಾಗಿ ಇತ್ತು. ಮುಂದೆ ಮಾವ ಕೂತು ತಂತಿ ಬಿಗಿದ ಬಿಲ್ಲು ಮಿಡಿದು ಹತ್ತಿ ಹಿಂಜುವರು. ನಡುವೆ ಅತ್ತೆಯ ಹೊಲಿಗೆ ಮಿಷನ್ನು. ಹಿಂದೆ ಎರಡು ಕೋಣೆ, ಅದೇ ಮನೆ. ಹತ್ತಿಯ ಎಳೆ ಎಲ್ಲಿ ಬೇಕಾದರೂ ಸಿಗುತ್ತಿತ್ತು: ಬಲ್ಬಿನ ಮೇಲೆ, ಉಪ್ಪಿನ ಡಬ್ಬಿಯಲ್ಲಿ, ಮಾವನ ರೆಪ್ಪೆಯಲ್ಲಿ. ನನ್ನ ಗಂಡ ಶಾಲೆಗೆ ಹೋದರೆ ಮೇಷ್ಟ್ರು ಮೊದಲು ಅವರ ತಲೆ ಕೊಡವಿ ಆಮೇಲೆ ಪಾಠ ಶುರುಮಾಡುತ್ತಿದ್ದರಂತೆ.

ಬಿಲ್ಲಿನ ಆ ಸದ್ದು ನನಗೂ ಗೊತ್ತು. ಚಿಕ್ಕವಳಿದ್ದಾಗ ನಮ್ಮ ಓಣಿಗೂ ಹತ್ತಿ ಹಿಂಜುವವನು ಬರುತ್ತಿದ್ದ. ಟುಂಯ್, ಟುಂಯ್ ಎಂದು ದೂರದಿಂದ ಕೇಳಿದ ತಕ್ಷಣ ಅಮ್ಮ ಕಿಟಕಿಗಳನ್ನೆಲ್ಲ ದಬದಬ ಮುಚ್ಚುವಳು. ನನಗೆ ಉಬ್ಬಸವಿತ್ತು. ಹಾಗಾಗಿ ಆ ಸದ್ದನ್ನು ನಾನು ಯಾವಾಗಲೂ ಗಾಜಿನ ಈಚೆಯಿಂದಲೇ ಕೇಳಿದ್ದು. ಆಚೆ ಓಣಿಯ ಮಕ್ಕಳು ಹಾರುವ ಹತ್ತಿಯ ಹಿಂದೆ ಓಡುತ್ತಿದ್ದರು. ನಾನು ಗಾಜಿಗೆ ಮೂಗು ಒತ್ತಿ ನಿಂತಿರುತ್ತಿದ್ದೆ.

ರೈಲಿನ ಕಥೆ ಶುರುವಾದದ್ದು ಒಂದು ಹಳೆಯ ಹಾಸಿಗೆಯ ಹೊಟ್ಟೆಯೊಳಗಿಂದ. ಹತ್ತಿ ಗಂಟುಗಟ್ಟಿದ ಹಾಸಿಗೆಗಳನ್ನು ಬಿಚ್ಚಿ, ಮತ್ತೆ ಹಿಂಜಿ ತುಂಬಿಕೊಡುವುದು ಮಾವನ ದೊಡ್ಡ ಕೆಲಸ. ಹಾಗೆ ಬಿಚ್ಚಿದಾಗ ಏನೇನೋ ಸಿಗುತ್ತಿತ್ತು. ಹೇರ್‌ಪಿನ್ನು, ಬೀಗದ ಕೈ, ಓಲೆಯ ತಿರುಪು, ಹಾಲುಹಲ್ಲು. ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿ ಹಾಸಿಗೆಯ ಜೊತೆಗೇ ಕಳಿಸುವರು. ಒಂದು ಸಲ ಕಂಪೌಂಡರ್ ಮನೆಯ ಹಾಸಿಗೆಯಿಂದ ಅಂಗೈಯಷ್ಟು ದೊಡ್ಡ ರೈಲು ಎಂಜಿನ್ ಬಂತು, ಕೀ ಕೊಟ್ಟರೆ ಓಡುವಂಥದ್ದು. ಮಾವ ಅದನ್ನು ಒರೆಸಿ ಕೊಡಲು ಹೋದರೆ ಕಂಪೌಂಡರ್ ಕೈಮುಗಿದನಂತೆ. “ಇದನ್ನ ತುರುಕಿದ ಮಹಾರಾಯ ಈಗ ಮೀಸೆ ತಿರುವ್ತಾ ಓಡಾಡ್ತಿದ್ದಾನೆ. ನೀವೇ ಇಟ್ಕೊಳ್ಳಿ.”

ಕೀ ಇರಲಿಲ್ಲ. ಪಕ್ಕದ ಗಡಿಯಾರ ರಿಪೇರಿಯವನು ಎಲ್ಲಿಂದಲೋ ಒಂದು ಹೊಂದಿಸಿಕೊಟ್ಟ. ಎಂಜಿನ್ ಗರಗರ ಎಂದು ಅಂಗಡಿಯ ನೆಲದ ಮೇಲೆ ಓಡಿ ಹತ್ತಿಯ ರಾಶಿಗೆ ಗುದ್ದಿ ಮಗುಚಿತು. ಅತ್ತೆ ಮಿಷನ್ನು ನಿಲ್ಲಿಸಿ ನೋಡಿದರು.

“ಎಂಜಿನ್ ಇದ್ಮೇಲೆ ಹಳಿ ಬೇಡ್ವಾ? ಪಾಪ, ಅದು ಕುರುಡನ ಹಾಗೆ ಓಡ್ತಿದೆ.”

ಹಳಿ ಬಂತು, ಆಟದ ಸಾಮಾನಿನ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ತುಂಡುಗಳು. ಹಳಿ ಬಂದ ಮೇಲೆ ಸುರಂಗ ಬೇಕಾಯಿತು. ಸುರಂಗಕ್ಕೆ ಬೆಟ್ಟ ಬೇಕು. ಬೇರೆಯವರಾದರೆ ಮಣ್ಣೋ ಮರವೋ ಎನ್ನುತ್ತಿದ್ದರು. ಇವರಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಅತ್ತೆ ಹಾಸಿಗೆಯ ನೀಲಿ ಪಟ್ಟೆ ಬಟ್ಟೆಯಲ್ಲಿ ಬಾಗಿದ ದಿಂಬಿನಂಥದ್ದೊಂದು ಹೊಲಿದರು, ಮಾವ ಹತ್ತಿ ತುಂಬಿದರು. ಪಟ್ಟೆ ಪಟ್ಟೆ ಬೆಟ್ಟ ಎದ್ದು ನಿಂತಿತು. ಆಮೇಲೆ ಒಂದರ ಪಕ್ಕ ಇನ್ನೊಂದು. ಗಿರಾಕಿಗಳ ಬಟ್ಟೆಯ ಚೂರುಗಳೆಲ್ಲ ಹೊಲಗಳಾದವು, ಗೊಂಡೆಗಳು ಪೊದೆಗಳಾದವು, ಅಂಗಿಯ ಗುಂಡಿಗಳು ಸ್ಟೇಷನ್ನಿನ ದೀಪಗಳಾದವು. ಎಲ್ಲವೂ ಒಂದು ದೊಡ್ಡ ಹಲಗೆಯ ಮೇಲೆ. ಹಲಗೆ ಮನೆಯ ಒಂದೇ ಒಂದು ಮಂಚದ ಮೇಲೆ. ಮನೆಯವರು ನೆಲದ ಮೇಲೆ.

“ಊರಿಗೆಲ್ಲ ಹಾಸಿಗೆ ಹೊಲಿಯೋರ ಮಗ ನಾನು,” ಎಂದು ನನ್ನ ಗಂಡ ಈಗಲೂ ಹೇಳುತ್ತಾರೆ, “ಮಂಚದ ಮೇಲೆ ಮೊದಲ ಸಲ ಮಲಗಿದ್ದು ಹಾಸ್ಟೆಲ್‌ನಲ್ಲಿ. ರಾತ್ರಿಯೆಲ್ಲ ಬಿದ್ದೆ.”

ನಾನು ಸೊಸೆಯಾಗಿ ಬರುವ ಹೊತ್ತಿಗೆ ಅತ್ತೆ ಇರಲಿಲ್ಲ. ಮಗಳು ಹುಟ್ಟಿ ನಡೆಯಲು ಕಲಿತ ವರ್ಷ ಅಂಗಡಿಯ ಮಾಲೀಕರು ಕಟ್ಟಡ ಕೆಡವುವುದಾಗಿ ಹೇಳಿದರು. ಮಾವ ನಮ್ಮ ಮನೆಗೆ ಬಂದರು. ಟೆಂಪೊದಿಂದ ಇಳಿದದ್ದು ಒಂದು ಟ್ರಂಕು, ಒಂದು ಬಿಲ್ಲು, ಮತ್ತು ಸೀರೆಯಲ್ಲಿ ಸುತ್ತಿದ ಆ ಹಲಗೆ.

ನಮ್ಮದು ಮೂರನೆಯ ಮಹಡಿ. ಒಂದು ಹಾಲ್, ಒಂದು ಮಲಗುವ ಕೋಣೆ, ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ, ಗಾಜು ಹಾಕಿಸಿದ ಬಾಲ್ಕನಿ. ಬಾಲ್ಕನಿಯಲ್ಲಿ ಮಾವನ ಮಂಚ ಹಾಕಿದ ಮೇಲೆ ಅಲ್ಲಿ ಒಂದು ಪೊರಕೆಗೂ ಜಾಗ ಉಳಿಯಲಿಲ್ಲ. ಹಾಲ್‌ನಲ್ಲಿ ಹಲಗೆ ಇಟ್ಟರೆ ಸೋಫಾ ಬಾಗಿಲಿಗೆ ಅಡ್ಡ. ಛಾವಣಿಯಿಂದ ಹಗ್ಗ ಕಟ್ಟಿ ತೂಗಿಬಿಡೋಣ ಎಂದರು ನನ್ನ ಗಂಡ. ಅದರ ಕೆಳಗೆ ಮಗು ಆಡುತ್ತಿರುವುದನ್ನು ನೆನೆದೇ ಬೇಡವೆಂದೆ. ಬಾಗಿಲಿಗೆ ಬೀಗ ಹಾಕಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಎಳೆದು ನೋಡುವ ಜಾತಿ ನನ್ನದು. ತಲೆಯ ಮೇಲೆ ರೈಲು ತೂಗಿಸಿಕೊಂಡು ನಿದ್ದೆ ಮಾಡುವುದು ಆಗದ ಮಾತು.

ಸದ್ಯಕ್ಕೆಂದು ಹಲಗೆಯನ್ನು ಹೊರಗೆ ಮೆಟ್ಟಿಲ ಬಳಿ ಗೋಡೆಗೆ ಒರಗಿಸಿದೆವು. ಎದುರು ಮನೆಯ ಆಂಟಿ ದಿನಕ್ಕೆ ನಾಲ್ಕು ಸಲ ಸೀರೆ ಸರಿಸಿ ನೋಡಿ, “ಅಯ್ಯೋ, ಎಷ್ಟು ಚೆನ್ನಾಗಿದೆ! ಯಾವಾಗ ತೆಗೀತೀರಾ?” ಎನ್ನುತ್ತಿದ್ದರು.

ಜಾಗದ್ದು ಒಂದು ಚಿಂತೆಯಾದರೆ ನನ್ನ ನಿಜವಾದ ಭಯ ಬೇರೆ. ಮಗಳಿಗೂ ಉಬ್ಬಸ ಬಂದಿತ್ತು, ನನ್ನಿಂದಲೇ ಬಂದ ಆಸ್ತಿ. ಅವಳ ಎದೆಗೆ ಕಿವಿಯಿಟ್ಟರೆ ಬೆಕ್ಕಿನ ಮರಿ ಗೊರಗೊರ ಎಂದ ಹಾಗೆ ಕೇಳುತ್ತಿತ್ತು. ಮಕ್ಕಳ ಡಾಕ್ಟರು ಹಳೆಯ ಹತ್ತಿ, ಧೂಳು ಎರಡನ್ನೂ ದೂರ ಇಡಿ ಎಂದಿದ್ದರು. ನಾನು ಪರದೆ ತೆಗೆಸಿದ್ದೆ, ಗೊಂಬೆಗಳನ್ನು ಕೊಟ್ಟುಬಿಟ್ಟಿದ್ದೆ, ದಿಂಬಿನ ಹೊದಿಕೆಗಳನ್ನು ವಾರವಾರ ಕುದಿಸುತ್ತಿದ್ದೆ. ಈಗ ಬಾಗಿಲ ಹೊರಗೆ ಮೂವತ್ತು ವರ್ಷದ ಹತ್ತಿ ತುಂಬಿಕೊಂಡ ಬೆಟ್ಟದ ಸಾಲು ನಿಂತಿತ್ತು.

ಮಾವನಿಗೆ ನಾನು ಹೇಳುವುದೇ ಬೇಕಿರಲಿಲ್ಲ. ಕೊಟ್ಟುಬಿಡೋಣ ಎಂದು ಮೊದಲು ಹೇಳಿದವರು ಅವರೇ.

“ಮಗುವಿನ ಉಸಿರಿಗಿಂತ ರೈಲು ದೊಡ್ಡದಾ? ಯಾರಾದ್ರೂ ಮಕ್ಕಳು ಆಡ್ಕೊಳ್ಳಿ.”

ಆಂಟಿ ತಮ್ಮ ಪರಿಚಯದ ಶಿಶುವಿಹಾರದ ಮೇಡಂ ಒಬ್ಬರನ್ನು ಕರೆತಂದರು. ಅವರು ಸೀರೆ ತೆಗೆಸಿ, ಹಲಗೆಯನ್ನು ಹಾಲ್‌ನಲ್ಲಿ ಮಲಗಿಸಿ, ಎಲ್ಲವನ್ನೂ ನೋಡಿದರು. ಮಾವ ಕೀ ಕೊಟ್ಟು ಎರಡು ಸುತ್ತು ಓಡಿಸಿ ತೋರಿಸಿದರು.

“ಚೆನ್ನಾಗಿದೆ. ಭಾನುವಾರ ವ್ಯಾನ್ ತರ್ತೀನಿ,” ಎಂದರು ಮೇಡಂ. ಆಮೇಲೆ ಬೆರಳ ತುದಿಯಿಂದ ದೊಡ್ಡ ಬೆಟ್ಟವನ್ನು ಮುಟ್ಟಿ, “ಈ ಬಟ್ಟೆಗಳನ್ನೆಲ್ಲ ಕಿತ್ತು ಹಾಕ್ತೀವಿ. ಕೊಳೆಯಾಗಿ ಕಾಣುತ್ತೆ ನೋಡಿ. ಹಸಿರು ಪ್ಲಾಸ್ಟಿಕ್ ಶೀಟ್ ಬರುತ್ತಲ್ಲ, ಅದನ್ನ ಹಾಕಿದ್ರೆ ನೀಟಾಗಿರುತ್ತೆ.”

ಮಾವ ಕೀಯನ್ನು ಜೇಬಿಗೆ ಹಾಕಿಕೊಂಡರು. “ಆಗಲಿ ಮೇಡಂ,” ಎಂದರು, ಅಷ್ಟೇ.

ಮೇಡಂ ಹೋದ ಮೇಲೆ ಅವರು ಬಾಲ್ಕನಿಗೆ ಹೋಗಿ ಬೆನ್ನು ಮಾಡಿ ಕೂತರು. ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯಲ್ಲಿ ಗಂಡನನ್ನು ಮೂಲೆಗೆ ನಿಲ್ಲಿಸಿದೆ.

“ರೀ, ಅತ್ತೆ ಹೊಲಿದಿದ್ದನ್ನೆಲ್ಲ ಅವರು ಕಿತ್ತು ಕಸಕ್ಕೆ ಹಾಕ್ತಾರಂತೆ!”

“ನೀನೇ ತಾನೆ ಹತ್ತಿ ಅಂದ್ರೆ ಹೆದರ್ಕೊಳ್ಳೋದು?”

“ಹೆದರ್ಕೋತೀನಿ. ಹಾಗಂತ ಕಿತ್ತು ಹಾಕಿ ಅಂದ್ನಾ? ಏನಾದ್ರೂ ದಾರಿ ಹುಡುಕಿ. ಭಾನುವಾರದೊಳಗೆ.”

ಅವರು ಹುಡುಕಿದ ದಾರಿ ನಮ್ಮ ಮಂಚದ ಕೆಳಗೆ ಹೋಯಿತು. ಮಂಚದ ಕಾಲುಗಳಿಗೆ ಮರದ ದಿಮ್ಮಿ ಕೊಟ್ಟು ಎತ್ತರಿಸುವುದು. ಹಲಗೆಯ ಅಂಚನ್ನು ಕೆಳಗಿನ ಬಡಗಿಯಿಂದ ಕೊಯ್ಯಿಸಿ, ಇಡೀ ರೈಲಿಗೆ ಪ್ಲಾಸ್ಟಿಕ್ ಸುತ್ತಿ, ಕಾಲುಗಳ ನಡುವೆ ತಳ್ಳಿಬಿಡುವುದು. ಧೂಳು ಹೊರಗೆ ಬರುವುದಿಲ್ಲ, ಜಾಗವೂ ಬೇಡ. ನಾನು ಹತ್ತು ಪ್ರಶ್ನೆ ಕೇಳಿ ಒಪ್ಪಿದೆ. ಮಾವನ ಮುಖ ಅರಳಿತು. “ಅಳತೆ ನಾನು ತಗೋತೀನಿ,” ಎಂದು ತಮ್ಮ ಹುರಿ ತಂದರು. ಅವರಿಗೆ ಟೇಪು ಒಗ್ಗದು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹುರಿ ಹಿಡಿದು, ಗಂಟು ಹಾಕಿ, ಮಂಡಿ ಸವರಿಕೊಳ್ಳುತ್ತಾ ಎದ್ದು, ಬಡಗಿಯ ಹತ್ತಿರ ಹೋದರು.

ಬಡಗಿ ಹುರಿಯ ಅಳತೆಗೆ ಸರಿಯಾಗಿ ಕೊಯ್ದುಕೊಟ್ಟ. ಅಪ್ಪ ಮಗ ಸೇರಿ ಹಲಗೆಯನ್ನು ಹೊತ್ತು ತಂದು, ಓರೆಮಾಡಿ, ಮಂಚದ ಕೆಳಗೆ ನೂಕಿದರು. ದೊಡ್ಡ ಬೆಟ್ಟ ಮಂಚದ ಪಟ್ಟಿಗೆ ತಗುಲಿ, ಬಗ್ಗಿ, ಒಳಗೆ ನುಸುಳಿತು. ಹಲಗೆ ಅರ್ಧ ಹೋಗಿ ಕಚಕ್ ಎಂದು ನಿಂತಿತು. ಒಳಗೂ ಇಲ್ಲ, ಹೊರಗೂ ಇಲ್ಲ. ಎಳೆದರೆ ಪ್ಲಾಸ್ಟಿಕ್ ಪರ್ ಎಂದು ಹರಿಯಿತು.

ನನ್ನ ಗಂಡ ಟೇಪು ಹಿಡಿದು ನೋಡಿದರು. ಅವರ ಭುಜ ಕುಲುಕತೊಡಗಿತು. ನಕ್ಕು ನಕ್ಕು ನೆಲಕ್ಕೆ ಕೂತರು.

“ಅಪ್ಪಾ! ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಜಾಸ್ತಿ! ಅದು ಹಲಗೆ ಕಣಪ್ಪ, ಹಾಸಿಗೆ ಅಲ್ಲ!”

ಮಾವ ತಮ್ಮ ಕೈ ನೋಡಿಕೊಂಡರು. “ಅಯ್ಯೋ ಇದರ!” ಎಂದರು. “ಗಂಟು ಹಾಕೋವಾಗ ನಾನು ಹೇಳೋಕೆ ಮುಂಚೆ ಕೈಯೇ ಬಿಟ್ಬಿಡ್ತಲ್ಲೋ!”

ಮಗಳು ಚಪ್ಪಾಳೆ ತಟ್ಟುತ್ತಿದ್ದಳು. ಹರಿದ ಪ್ಲಾಸ್ಟಿಕ್ಕಿನಿಂದ ಧೂಳು ಎದ್ದು ಕಿಟಕಿಯ ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಮಂಚ ಕುಂಟ ಆನೆಯ ಹಾಗೆ ಸೊಟ್ಟ ನಿಂತಿತ್ತು. ನನಗೆ ರೇಗಿಹೋಯಿತು.

“ಬೆಟ್ಟ ಸಲೀಸಾಗಿ ಒಳಗೆ ಹೋಯ್ತಲ್ಲ ಮಾವ, ಈ ಹಲಗೆಗೇನು ರೋಗ! ಹಲಗೆ ಬಿಸಾಕಿ ಬಟ್ಟೆ ಮೇಲೇ ಓಡಿಸಿ ನಿಮ್ಮ ರೈಲನ್ನ!”

ಮಗುವನ್ನು ಎತ್ತಿಕೊಂಡು ಹೊರಗೆ ಬಂದೆ. ಆದರೂ ತಡವಾಗಿತ್ತು. ಸಂಜೆಯ ಹೊತ್ತಿಗೆ ಅವಳ ಪಕ್ಕೆಗಳು ಒಳಕ್ಕೆ ಎಳೆದುಕೊಳ್ಳತೊಡಗಿದವು. ಹಬೆಯ ಮಿಷನ್ನು ಹಚ್ಚಿ, ಮೂತಿಗೆ ಮಾಸ್ಕ್ ಹಿಡಿದು, ತೊಡೆಯ ಮೇಲೆ ಕೂರಿಸಿಕೊಂಡೆ. ಮಾವ ಕೋಣೆಯ ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ. ತಮ್ಮ ಅಂಗಿಯಲ್ಲಿ ಧೂಳಿದೆ ಎಂದು ಹೆದರಿದ್ದರು. ಅವಳ ಉಸಿರು ಸಡಿಲವಾದ ಮೇಲೆ ಮೆಲ್ಲಗೆ ಹೇಳಿದರು:

“ಭಾನುವಾರ ಆ ಮೇಡಂ ಬಂದು ತಗೊಂಡು ಹೋಗೋದೇ ಒಳ್ಳೇದು ಕಣಮ್ಮ.”

ಮಾರನೆಯ ಬೆಳಗ್ಗೆ ಬಟ್ಟೆ ಒಣಹಾಕಲು ತಾರಸಿಗೆ ಹೋದರೆ ಮಾವ ಅಲ್ಲಿದ್ದರು. ದೊಡ್ಡ ಬೆಟ್ಟವನ್ನು ಹಲಗೆಯಿಂದ ಬಿಡಿಸಿ ತೊಡೆಯ ಮೇಲಿಟ್ಟುಕೊಂಡು, ಅದರ ಅಂಚಿನ ಮೇಲೆ ಬೆರಳು ಓಡಿಸುತ್ತಿದ್ದರು.

“ನಿನ್ನೆ ನೀನೊಂದು ಮಾತು ಹೇಳಿದ್ಯಲ್ಲ. ಬಟ್ಟೆ ಮೇಲೇ ಓಡಿಸಿ ಅಂತ.”

“ಸಿಟ್ಟಲ್ಲಿ ಬಂತು ಮಾವ. ಮನಸ್ಸಿಗೆ ಹಚ್ಕೋಬೇಡಿ.”

“ಹಚ್ಕೊಂಡಾಯ್ತು. ಈ ಹಲಗೇನ ಸಣ್ಣ ಸಣ್ಣ ಪಟ್ಟಿ ಮಾಡಿ, ಪಟ್ಟೆ ಬಟ್ಟೇಲಿ ಜೇಬು ಹೊಲಿದು, ಒಂದೊಂದನ್ನ ಒಂದೊಂದು ಜೇಬಿಗೆ ತೂರಿಸಿದ್ರೆ? ಚಾಪೆ ಥರ ಸುತ್ತಬಹುದು. ಹಳಿ ತುಂಡು ತುಂಡಾಗಿ ಕಳಚುತ್ತೆ. ಬೆಟ್ಟ ಮೆತ್ತಗಿದೆ, ಒತ್ತಿದ್ರೆ ಒತ್ತಿಸ್ಕೊಳ್ಳುತ್ತೆ. ಬೇಕಾದಾಗ ಹಾಲ್‌ನಲ್ಲಿ ಹಾಸೋದು, ಸಾಕಾದಾಗ ಸುತ್ತಿ ಬಾಗಿಲ ಹಿಂದೆ ನಿಲ್ಲಿಸೋದು.”

ನನ್ನ ಕಣ್ಣ ಮುಂದೆ ಬಾಗಿಲ ಹಿಂದಿನ ಮೂಲೆ ಬಂತು. ಅಲ್ಲಿ ಛತ್ರಿ ಬಿಟ್ಟರೆ ಏನೂ ಇರಲಿಲ್ಲ.

“ಆದ್ರೆ ಹತ್ತಿ, ಮಾವ?”

“ಅದಕ್ಕೇ ಕೂತಿದೀನಿ.” ಅವರು ಬೆಟ್ಟವನ್ನು ತಿರುಗಿಸಿ ತೋರಿಸಿದರು. “ನೋಡು, ಈ ಮೂರು ಕಡೆ ಹೊಲಿಗೆ ನಿನ್ನ ಅತ್ತೇದು, ಮಿಷನ್ನಿನದು. ಹತ್ತಿ ತುಂಬಿದ ಮೇಲೆ ಬಾಯಿ ಹೊಲಿಯೋದು ನನ್ನ ಕೆಲಸ. ಇದೋ, ಈ ದಬ್ಬಳದ ಹೊಲಿಗೆ, ಉದ್ದುದ್ದ. ನನ್ನ ಹೊಲಿಗೆ ನಾನು ಬಿಚ್ಚಿದ್ರೆ ಅವಳದ್ದಕ್ಕೆ ಏನೂ ಆಗಲ್ಲ.”

“ಒಳಗಿನದು?”

“ಒಳಗಿನದು ನಮ್ಮ ಹಾಸಿಗೇದೇ ಹತ್ತಿ. ನಿನ್ನ ಗಂಡ ಹುಟ್ಟಿದಾಗಿಂದು.” ಬೆಟ್ಟದ ಬೆನ್ನು ತಟ್ಟಿದರು. “ಅದು ಹೋಗಬೇಕು. ಮಗು ಇರೋ ಮನೇಲಿ ಅದು ಇರಬಾರದು.”

ಹತ್ತಿ ಹೋದರೆ ಏನು ತುಂಬುವುದು? ನಾನು ಬಾಯಿ ತೆರೆಯುವ ಮುಂಚೆಯೇ ಅವರು ತೀರ್ಮಾನಿಸಿದ್ದರು. ಅದನ್ನು ಹೇಳುವಾಗ ಮಾತ್ರ ಕಹಿ ಔಷಧಿ ಕುಡಿದವರ ಹಾಗೆ ಮುಖ ಮಾಡಿದರು.

“ಸ್ಪಂಜು.”

ಸ್ಪಂಜಿನ ಹಾಸಿಗೆ ಬಂದ ಮೇಲೇ ಮಾವನ ಅಂಗಡಿಗೆ ಗಿರಾಕಿಗಳು ಕಡಿಮೆಯಾದದ್ದು. ಅವರ ಅಂಗಡಿಯ ಎದುರಿಗೇ ಆ ಮಳಿಗೆ ತೆರೆದಿತ್ತು. ಎಷ್ಟೋ ವರ್ಷ ಎದುರುಬದುರು ಇದ್ದರೂ ಮಾವ ಒಮ್ಮೆಯೂ ಆ ಕಡೆ ದಾಟಿರಲಿಲ್ಲವಂತೆ. ಅವತ್ತು ನಾನು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಜೊತೆಗೆ ಹೋದೆ. ಕೆಡವಿದ ಅಂಗಡಿಯ ಜಾಗದಲ್ಲಿ ತಗಡು ನಿಲ್ಲಿಸಿದ್ದರು. ಮಾವ ಅದರ ಕಡೆ ತಿರುಗದೆ ನೇರ ಮೆಟ್ಟಿಲು ಹತ್ತಿದರು.

ಗಲ್ಲಾಪೆಟ್ಟಿಗೆಯ ಹಿಂದಿದ್ದ ದಪ್ಪನೆಯ ಮನುಷ್ಯ ಎದ್ದು ನಿಂತ. “ಏನಿದು! ನಾಲ್ಕು ಬೆರಳು ನಮ್ಮ ಅಂಗಡೀಲಿ! ಸೂರ್ಯ ಯಾವ ಕಡೆ ಹುಟ್ಟಿದ?”

“ಹುಟ್ಟೋ ಕಡೇನೇ ಹುಟ್ಟಿದ್ದಾನೆ. ಮಲಗೋಕಲ್ಲಯ್ಯ, ಬೆಟ್ಟಕ್ಕೆ ಬೇಕು.”

“ಬೆಟ್ಟಕ್ಕಾ?”

“ಬೆಟ್ಟಕ್ಕೆ. ನಿನ್ನ ಹಾಸಿಗೆ ಮೇಲೆ ಮನುಷ್ಯರು ಮಲಗೋಕಾಗಲ್ಲ, ಕನಿಷ್ಠ ಬೆಟ್ಟಾನಾದ್ರೂ ಮಲಗಲಿ.”

ಆತ ಹೊಟ್ಟೆ ಕುಣಿಸಿ ನಕ್ಕ. ಕತ್ತರಿಸಿ ಉಳಿದ ತುಂಡುಗಳ ಮೂಟೆಯನ್ನು ತಾನೇ ಹೊತ್ತು ತಂದ. “ನಿಮ್ಮ ಬಿಲ್ಲಿನ ಸದ್ದಿಲ್ದೆ ಮಧ್ಯಾಹ್ನ ನಿದ್ದೆ ಹತ್ತಲ್ಲ ಕಣ್ರೀ ನನಗೆ,” ಎಂದ, ಮೂಟೆಯ ಬಾಯಿ ಕಟ್ಟುತ್ತಾ. ಮಾವ ಇಳಿಯುವಾಗ ಆತನ ಭುಜದ ಮೇಲೆ ಕೈಯಿಟ್ಟು ಇಳಿದರು.

ಆ ವಾರ ನಮ್ಮ ತಾರಸಿ ಅಂಗಡಿಯಾಯಿತು. ಮಾವ ಬೆಟ್ಟಗಳ ಬಾಯಿ ಬಿಚ್ಚಿ ಹತ್ತಿ ತೆಗೆದರು. ಅದು ಕಂದು ಬಣ್ಣಕ್ಕೆ ತಿರುಗಿ, ಒತ್ತಾಗಿ ಕೂತುಬಿಟ್ಟಿತ್ತು, ಹಳೆಯ ಪುಸ್ತಕದ ವಾಸನೆ ಬರುತ್ತಿತ್ತು. ಖಾಲಿ ಚೀಲಗಳನ್ನೂ ಹೊಲಗಳನ್ನೂ ನಾನು ಒಗೆದೆ. ಬಣ್ಣ ಬಿಡುತ್ತದೇನೋ ಎಂದು ಮೊದಲು ಒಂದೊಂದು ಮೂಲೆ ನೆನೆಸಿ, ಬಿಳಿ ಕರವಸ್ತ್ರಕ್ಕೆ ಒತ್ತಿ ನೋಡಿದೆ. ಹಗ್ಗದ ಮೇಲೆ ಚೂರುಗಳನ್ನು ಸಾಲಾಗಿ ನೇತುಹಾಕಿದಾಗ ಮಾವ ಕೆಲಸ ಬಿಟ್ಟು ಬಂದರು. ವರ್ಷಗಳ ಕೊಳೆ ಹೋಗಿ ಬಣ್ಣಗಳು ಮೇಲೆದ್ದಿದ್ದವು.

“ಇದು ಕಂಪೌಂಡರ್ ಮನೇದು,” ಎಂದರು, ಒಂದು ಹೂವಿನ ಚೂರನ್ನು ಹಿಡಿದು. “ಇದು ಅವಳಿ ಮಕ್ಕಳ ಮನೆ. ಇಬ್ಬರಿಗೂ ಒಂದೇ ಹಾಸಿಗೆ, ಮಧ್ಯೆ ಗಡಿ ಹೊಲಿದುಕೊಡಿ ಅಂದಿದ್ರು. ಈ ಕೆಂಪು, ಟೈಪಿಸ್ಟ್ ಹುಡುಗೀದು. ಮದುವೆ ಆಗಿ ಹೋಗೋವಾಗ ಹೊಲಿಸಿದ್ದು. ಹಾಸಿಗೆ ಹಿಡ್ಕೊಂಡು ಅತ್ತಳು ಕಣಮ್ಮ. ಗಂಡನಿಗೆ ಗಾಬರಿ.”

“ಈ ಬೂದು ಬಣ್ಣದ್ದು?”

“ಅದು ಜಗಳಗಂಟಿ ಗಂಡ ಹೆಂಡತಿದು. ವರ್ಷಕ್ಕೊಂದ್ಸಲ ಒಂದು ಹಾಸಿಗೇನ ಎರಡು ಮಾಡಿಸೋರು, ಆಮೇಲೆ ಎರಡನ್ನ ಒಂದು ಮಾಡಿಸೋರು. ನಿನ್ನ ಅತ್ತೆ ನಮ್ಮ ಅನ್ನದಾತರು ಅಂತಿದ್ಲು ಅವರನ್ನ.”

ಗಾಳಿಗೆ ಇಡೀ ಬೀದಿ ಹಗ್ಗದ ಮೇಲೆ ಪಟಪಟ ಎನ್ನುತ್ತಿತ್ತು. ಆ ಮನೆಗಳಲ್ಲಿ ಅರ್ಧಕ್ಕರ್ಧ ಈಗ ಇಲ್ಲ. ಅವುಗಳ ಮೇಲೆ ರೈಲು ಮಾತ್ರ ಇಷ್ಟು ವರ್ಷ ತಪ್ಪದೆ ಓಡಿತ್ತು.

ತೆಗೆದ ಹತ್ತಿಯನ್ನು ಮಾವ ಒಂದು ದಿನ ಬಿಸಿಲಿಗೆ ಹರಡಿ, ಕೊನೆಗೆ ಬಿಲ್ಲು ತಂದು ಹಿಂಜಿದರು. ಮಗುವನ್ನು ಕಿಟಕಿ ಮುಚ್ಚಿದ ಮನೆಯಲ್ಲಿ ಗಂಡನ ಹತ್ತಿರ ಬಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾನು ಮೇಲೆ ಹೋದೆ. ಟುಂಯ್, ಟುಂಯ್. ನಾನು ಅಂಗಡಿಗೆ ಹೋದಾಗಲೆಲ್ಲ ಮಾವ ಬಿಲ್ಲು ಎತ್ತಿಡುತ್ತಿದ್ದರು. ಹುಟ್ಟಿದಾಗಿನಿಂದ ಮೊದಲ ಸಲ ಆ ಸದ್ದನ್ನು ಗಾಜಿಲ್ಲದೆ ಕೇಳಿದೆ. ಹತ್ತಿ ಮೋಡದ ಹಾಗೆ ಏಳುತ್ತಿತ್ತು. ಅಕ್ಕಪಕ್ಕದ ತಾರಸಿಗಳಲ್ಲಿ ಜನ ಬಂದು ನಿಂತರು.

ಆ ಹತ್ತಿಯಲ್ಲಿ ಎದುರು ಮನೆಯ ಆಂಟಿಗೆ, ಅವರ ಸೊಂಟನೋವಿನ ಕುರ್ಚಿಗೆ, ಒಂದು ದಪ್ಪ ಮೆತ್ತೆಯಾಯಿತು. ಹತ್ತಿ ಹೊರಗೆ ಹೋಯಿತಲ್ಲ ಎಂಬ ಸಮಾಧಾನದ ಜೊತೆಗೇ ನನಗೇಕೋ ಸಂಕಟವಾಯಿತು. “ಬೇಜಾರಾಯ್ತಾ ಮಾವ?” ಎಂದೆ.

“ಯಾಕೆ ಬೇಜಾರು? ನಿನ್ನ ಅತ್ತೆಗೂ ಹರಟೆ ಅಂದ್ರೆ ಪ್ರಾಣ, ಇವರಿಗೂ ಹರಟೆ ಅಂದ್ರೆ ಪ್ರಾಣ. ಜೊತೆ ಸಿಕ್ತು ಬಿಡು.”

ನಗುತ್ತಲೇ ಹೇಳಿದರು. ಆಮೇಲೆ ಖಾಲಿ ಬೆಟ್ಟದೊಳಕ್ಕೆ ಮೊಣಕೈವರೆಗೆ ಕೈ ಹಾಕಿ, ಮೂಲೆಗಳಲ್ಲಿ ಏನಾದರೂ ಉಳಿದಿದೆಯೇ ಎಂದು ಬಹಳ ಹೊತ್ತು ತಡಕಿದರು.

ಸ್ಪಂಜು ತುಂಬಿದ ಮೊದಲ ಬೆಟ್ಟವನ್ನು ಅವರು ಅಂಗೈಯಿಂದ ಅಮುಕಿ ಬಿಟ್ಟರು. ಅದು ಟಪ್ ಎಂದು ಎದ್ದು ನಿಂತಿತು. ಮತ್ತೆ ಅಮುಕಿದರು, ಮತ್ತೆ ಎದ್ದಿತು. “ಏಳುತ್ತೆ ಹಾಳಾದ್ದು,” ಎಂದರು, ಒಪ್ಪಲು ಮನಸ್ಸಿಲ್ಲದೆ. ಹತ್ತಿಯ ಬೆಟ್ಟವಾಗಿದ್ದರೆ ಸುತ್ತಿಟ್ಟ ಕಡೆಯೇ ಕೂತುಬಿಡುತ್ತಿತ್ತು ಎಂಬುದು ಅವರಿಗೂ ಗೊತ್ತಿತ್ತು. ಮಗಳನ್ನು ಅದರ ಪಕ್ಕ ಕೂರಿಸಿದೆವು. ಅವಳು ಮುಖ ಹುದುಗಿಸಿದಳು, ಮಲಗಿದಳು, ಉರುಳಿದಳು. ನಾನು ಅವತ್ತೆಲ್ಲ ಅವಳ ಎದೆಗೆ ಕಿವಿಯಿಟ್ಟೆ. ಕೇಳಿದ್ದು ಬರೀ ಉಸಿರು.

ಹಲಗೆಯ ಪಟ್ಟಿಗಳೂ ಜೇಬು ಸೇರಿದವು. ಎಲ್ಲ ಆಯಿತು, ಒಂದು ಬಿಟ್ಟು. ಶನಿವಾರ ಸಂಜೆ ನನ್ನ ಗಂಡ ಫೋನ್ ಕೈಗೆತ್ತಿಕೊಂಡರು.

“ಆ ಮೇಡಂಗೆ ಬೇಡ ಅಂತ ಹೇಳ್ಬಿಡ್ಲಾ?”

“ಹೇಳಬೇಡ,” ಎಂದರು ಮಾವ. “ಆಗಲಿ ಅಂತ ನಾನು ಮಾತು ಕೊಟ್ಟಿದೀನಿ. ಗಿರಾಕಿಗೆ ಹೂಂ ಅಂದಮೇಲೆ ಹಾಸಿಗೆ ಇನ್ನೊಬ್ಬರಿಗೆ ಕೊಟ್ಟವನಲ್ಲ ನಾನು. ಅವರು ಬರಲಿ. ಬೇಕು ಅಂದ್ರೆ ತಗೊಂಡು ಹೋಗ್ಲಿ.”

“ಅವರು ಬೆಟ್ಟ ಕಿತ್ತು ಹಾಕ್ತಾರೆ ಅಪ್ಪ!”

“ಗೊತ್ತು.”

ಇಬ್ಬರೂ ನನ್ನ ಕಡೆ ನೋಡಿದರು. ನಾನು ಏನು ಹೇಳಲಿ? ಅವರ ಮಾತು, ಅವರ ರೈಲು. ಅಷ್ಟೆಲ್ಲ ಕಷ್ಟಪಟ್ಟದ್ದು ಸುತ್ತಿ ವ್ಯಾನಿಗೆ ಹಾಕಲು ಸುಲಭವಾಗಲಿ ಎಂದೇನೋ ಅನ್ನಿಸಿತು.

ಭಾನುವಾರ ಬೆಳಗ್ಗೆ ಮಾವ ಸೋಫಾ ಸರಿಸಿ ಹಾಲ್‌ನಲ್ಲಿ ರೈಲನ್ನು ಹಾಸಿದರು. ಒಂದು ಅಂಚು ಬಾಲ್ಕನಿಯ ಬಾಗಿಲಿಗೆ, ಇನ್ನೊಂದು ಅಂಚು ಮುಂಬಾಗಿಲಿಗೆ. ಬೆಟ್ಟಗಳು ಒಂದೊಂದಾಗಿ ಮೈಮುರಿದು ಎದ್ದವು. ಹಳಿಯ ತುಂಡುಗಳನ್ನು ಕಚ್ಚಿಸಿ, ಎಂಜಿನ್ನಿಗೆ ಕೀ ಕೊಟ್ಟು, ಬೋಗಿ ಸಿಕ್ಕಿಸಿದರು. ಅವಳಿ ಮಕ್ಕಳ ಮನೆ ದಾಟಿ, ಟೈಪಿಸ್ಟ್ ಹುಡುಗಿಯ ಕೆಂಪು ಹೊಲ ದಾಟಿ ರೈಲು ಸುರಂಗ ಹೊಕ್ಕಿತು. ಮಗಳು ಸುರಂಗದ ಆಚೆ ಬಾಯಿಗೆ ಕಣ್ಣಿಟ್ಟು ಹೊಟ್ಟೆಯ ಮೇಲೆ ಮಲಗಿದ್ದಳು. ನನ್ನ ಗಂಡ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದರು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಒದ್ದೆ ಕೈಯಲ್ಲಿ ನಿಂತಿದ್ದೆ. ಒಂದು ಹೆಜ್ಜೆ ಇಡಲು ಎಲ್ಲೂ ನೆಲ ಕಾಣುತ್ತಿರಲಿಲ್ಲ.

ಬೆಲ್ ಆಯಿತು.

ಮಾವ ಎಂಜಿನ್ ಹಿಡಿಯಲು ಕೈ ಚಾಚಿದರು.

“ಹಿಡೀಬೇಡಿ ಮಾವ!” ಎಂದು ಕೂಗಿದೆ. ಆಮೇಲೆ ಬಾಗಿಲ ಕಡೆಗೆ ಇನ್ನೂ ಜೋರಾಗಿ, “ಒಂದು ನಿಮಿಷ ಮೇಡಂ, ರೈಲು ಹೋಗ್ಲಿ!”

ರೈಲು ಬಾಗಿಲ ಮುಂದಿನ ತಿರುವು ದಾಟಿತು. ನಾನು ಗೋಡೆ ಹಿಡಿದು, ತುದಿಗಾಲಲ್ಲಿ, ಸ್ಟೇಷನ್ ಹಾರಿ ಹೋಗಿ ಬಾಗಿಲು ತೆಗೆದೆ. ಮೇಡಂ ನಿಂತಿದ್ದರು, ಹಿಂದೆ ವ್ಯಾನಿನ ಡ್ರೈವರು.

“ಮಾತು ಕೊಟ್ಟಿದ್ದು ನಮ್ಮ ಮಾವ. ಅವರು ಮಾತು ತಪ್ಪಲ್ಲ, ಅದಕ್ಕೇ ನಾನು ಕೇಳ್ತಿದೀನಿ,” ಎಂದೆ. ಎಲ್ಲಿಂದ ಧೈರ್ಯ ಬಂತೋ. “ಇದನ್ನ ನಮಗೇ ಬಿಟ್ಟುಕೊಡಿ ಮೇಡಂ. ಮನೇಲಿ ಜಾಗ ಸಿಕ್ಕಿದೆ.”

ಅವರು ನನ್ನ ಭುಜದ ಮೇಲಿಂದ ಒಳಗೆ ನೋಡಿದರು. ಸೋಫಾದ ಮೇಲೆ ಕಾಲು ಮಡಚಿದ ನನ್ನ ಗಂಡ, ಸುರಂಗದ ಮುಂದೆ ಮಲಗಿದ ಮಗು, ಗೋಡೆಯಿಂದ ಗೋಡೆಗೆ ರೈಲು.

“ಜಾಗ ಎಲ್ರೀ ಸಿಕ್ಕಿದೆ? ಕಾಲಿಡೋಕೇ ಜಾಗ ಇಲ್ಲ!”

“ಅದೇ ಜಾಗ,” ಎಂದರು ನನ್ನ ಗಂಡ.

ಮೇಡಂ ರೈಲು ಮತ್ತೊಂದು ಸುತ್ತು ಬರುವವರೆಗೆ ನೋಡಿದರು. ಬೆಟ್ಟದ ಪಟ್ಟೆಗಳು ತೊಳೆದು ನೀಲಿಯಾಗಿದ್ದವು. ಅವರು ಡ್ರೈವರಿಗೆ ಕೈಸನ್ನೆ ಮಾಡಿದರು, ಅವನು ಮೆಟ್ಟಿಲಿಳಿದು ಹೋದ. ಆಮೇಲೆ ಮಾವನ ಕಡೆ ತಿರುಗಿ, “ಅಷ್ಟು ದೂರದಿಂದ ಬಂದಿದೀನಿ, ಕೂತು ನೋಡಿ ಹೋಗ್ಲಾ?” ಎಂದರು. ಒಂದು ಕಾಲು ಎತ್ತಿ, ಎಲ್ಲಿಡುವುದೆಂದು ತಿಳಿಯದೆ ಹಾಗೇ ನಿಂತರು.

ಮಾವ ಆಗ ತಲೆಯೆತ್ತಿದರು.

“ಚಪ್ಪಲಿ ಬಿಟ್ಟು ಬೆಟ್ಟದ ಮೇಲೆ ಕಾಲಿಡಿ ಮೇಡಂ. ಏನೂ ಆಗಲ್ಲ, ಏಳುತ್ತೆ.”